ಮಂಡಕ್ಕಿಯೂ ಯಂತ್ರದ ತಿಳಿವಳಿಕೆಯೂ

ದಾವಣಗೆರೆಯಲ್ಲಿ ಮಂಡಕ್ಕಿ ಎನಿಸಿಕೊಳ್ಳುವ ಪದಾರ್ಥವನ್ನು ಹುಬ್ಬಳ್ಳಿ ಧಾರವಾಡಗಳವರು ಚುರುಮುರಿ ಎನ್ನುವರು. ಬೆಂಗಳೂರು ಮೈಸೂರುಗಳವರು ಪುರಿ ಎಂದೂ ಕಡಲೆಪುರಿ ಎಂದೂ ಕರೆಯುವರು. ಬೆಂಗಳೂರಿನಿಂದ ದಾವಣಗೆರೆಗೆ ಬಂದ ಹೊಸ ಸೊಸೆಯು ಸಂಜೆಯ ಹೊತ್ತು ಪುರಿ ಬೇಕೆಂದರೆ ಅತ್ತೆಯವರು ಒಂದು ಕ್ಷಣ ಬಾಣಲೆಯ ಕಡೆಗೆ ನೋಡಿಯಾರು; ಮರುಕ್ಷಣವೇ ಮಾತಿನ ಅರ್ಥ ಹೊಳೆದು ಮಂಡಕ್ಕಿಯ ಡಬ್ಬವನ್ನು ಮುಂದಿಡುವರು. ಮನುಷ್ಯರೊಳಗೆ ಈ ತೊಡಕು ನಗುವಿನಲ್ಲಿ ಮುಗಿದುಹೋಗುತ್ತದೆ. ಯಂತ್ರಕ್ಕೆ ಅತ್ತೆಯವರ ಈ ತಿಳಿವಳಿಕೆ ಇಲ್ಲ. ಅಕ್ಷರಗಳು ಬೇರೆಯಾದುದರಿಂದ ವಸ್ತುಗಳೂ ಬೇರೆ ಎಂಬುದೇ ಅದರ ನ್ಯಾಯ. ಅದಕ್ಕೆ ಈ ಹೆಸರುಗಳ ನಂಟನ್ನು ಕಲಿಸುವ ಬಗೆ ಯಾವುದು, ಕಲಿಸದೆ ಬಿಟ್ಟರೆ ನಮ್ಮ ಗೃಹಸ್ಥರಿಗೆ ಆಗತಕ್ಕ ನಷ್ಟವೇನು ಎಂಬುದನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇವೆ.

ಅಂತರಜಾಲವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಓದುವ ಪುಟ, ನೋಡುವ ಚಿತ್ರ. ಆದರೆ ಅದರ ವ್ಯವಹಾರದಲ್ಲಿ ಒಂದು ದೊಡ್ಡ ಪಾಲು ನಮ್ಮ ಕಣ್ಣಿಗೆ ಬೀಳದೆ ಯಂತ್ರ ಯಂತ್ರಗಳ ನಡುವೆಯೇ ನಡೆಯತಕ್ಕುದು. ಮನೆಯಲ್ಲಿ ಕುಳಿತು ರೈಲಿನ ಟಿಕೆಟ್ಟು ಕೊಳ್ಳುವಾಗ ಕೈಯಲ್ಲಿರುವ ಫೋನು ರೈಲ್ವೆಯ ಯಂತ್ರವನ್ನು ಸ್ಥಳವುಂಟೆ ಎಂದು ಕೇಳುತ್ತದೆ. ಹಣ ಸಂದಾಯವಾಯಿತೆ ಎಂಬ ಪ್ರಶ್ನೆ ಬ್ಯಾಂಕಿನ ಯಂತ್ರಕ್ಕೆ ಹೋಗುತ್ತದೆ. ಹೀಗೆ ಒಂದು ಯಂತ್ರ ಕೇಳಿದುದಕ್ಕೆ ಇನ್ನೊಂದು ಯಂತ್ರ ಉತ್ತರ ಕೊಡುವ ಏರ್ಪಾಡಿಗೆ ಜಾಲಸೇವೆ ಎಂದು ಹೆಸರು. ಹವೆಯ ಮುನ್ಸೂಚನೆಗೆ ಒಂದು, ಮಾರುಕಟ್ಟೆಯ ಧಾರಣೆಗೆ ಒಂದು, ವಿದ್ಯುತ್ತಿನ ಬಿಲ್ಲಿಗೆ ಒಂದು. ಯಾವ ಸೇವೆ ಎಲ್ಲಿದೆಯೆಂದು ಮೊದಲೇ ಗೊತ್ತಿದ್ದರೆ ಕೆಲಸ ಸುಲಭ. ಗೊತ್ತಿಲ್ಲದಿದ್ದರೆ ಹುಡುಕಬೇಕು, ದೊರೆತುದು ನಮಗೆ ಬೇಕಾದುದೆ ಎಂದು ಹೊಂದಿಸಿ ನೋಡಬೇಕು. ತೊಡಕೆಲ್ಲ ಈ ಹುಡುಕುವುದರಲ್ಲಿ, ಹೊಂದಿಸುವುದರಲ್ಲಿ ಇದೆ.

ಹರಿಹರದ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯು 1956ರವರೆಗೆ ಮೈಸೂರು ಸೀಮೆಗೂ ಮುಂಬಯಿ ಪ್ರಾಂತಕ್ಕೂ ನಡುವಣ ಗಡಿಯಾಗಿತ್ತು. ಈಗ ಅದು ದಾವಣಗೆರೆ ಹಾವೇರಿ ಜಿಲ್ಲೆಗಳ ಗಡಿ. ದಾವಣಗೆರೆಯ ಕೃಷಿ ಮಾರುಕಟ್ಟೆಯ ಅಂಗಳಕ್ಕೆ ರಾಶಿ ರಾಶಿಯಾಗಿ ಬರುವ ಮೆಕ್ಕೆಜೋಳವು ಹೊಳೆ ದಾಟಿತೆಂದರೆ ಗೋವಿನಜೋಳವಾಗುತ್ತದೆ. ದಕ್ಷಿಣಕ್ಕೆ ಮೈಸೂರಿನ ಕಡೆ ಇಳಿದರೆ ಮುಸುಕಿನ ಜೋಳವಾಗುತ್ತದೆ. ಬರಿಯ ಜೋಳವೆಂದರೆ ನಮ್ಮ ಕಡೆ ರೊಟ್ಟಿಯ ಬಿಳಿಜೋಳ. ಅದು ಬೇರೆಯೇ ಒಂದು ಸಸ್ಯ. ಹೀಗಿರಲು ಹರಿಹರ ತಾಲ್ಲೂಕಿನ ರೈತನೊಬ್ಬನು ಅವಸರದಲ್ಲಿ ಫೋನಿಗೆ "ಜೋಳದ ಧಾರಣೆ" ಎಂದಷ್ಟೇ ಹೇಳಿದನೆನ್ನೋಣ. ಅಕ್ಷರವನ್ನು ಮಾತ್ರ ಬಲ್ಲ ಯಂತ್ರವು ಬಿಳಿಜೋಳದ ಧಾರಣೆಯನ್ನು ಒಪ್ಪಿಸೀತು. "ಮೆಕ್ಕೆಜೋಳ" ಎಂದೇ ತಿದ್ದಿ ಕೇಳಿದರೂ, ಆಚೆ ದಡದ ರಾಣೆಬೆನ್ನೂರಿನಲ್ಲಿ ಆ ದಿನ ಒಳ್ಳೆಯ ಬೆಲೆ ನಡೆದಿದ್ದು ಅದನ್ನು ಅಲ್ಲಿ ಗೋವಿನಜೋಳವೆಂದು ಬರೆದಿದ್ದರೆ ಆ ಸಂಗತಿ ಇವನಿಗೆ ತಿಳಿಯದೆಯೇ ಹೋದೀತು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಬಚ್ಚಿಟ್ಟಿಲ್ಲ. ಆದರೂ ಗಾಡಿ ತುಂಬಿ ಕಡಿಮೆ ಬೆಲೆಯ ಕಡೆಗೆ ಹೊರಟವನಿಗೆ ನಷ್ಟವು ನಿಜವಾದುದೇ.

ಇದಕ್ಕೆ ತಿರುವುಮುರುವಾದ ತೊಡಕೂ ಉಂಟು. ಹೆಸರು ಒಂದೇ, ವಸ್ತುಗಳು ಹಲವು. ಹರಿಹರವೆಂಬುದು ನಮ್ಮ ಊರು. ವಿಜಯನಗರದ ಮೊದಲ ದೊರೆಯೂ ಹರಿಹರನೇ, ರಗಳೆಗಳನ್ನು ಬರೆದ ಕವಿಯೂ ಹರಿಹರನೇ. ಮಹಾರಾಷ್ಟ್ರದ ನಾಸಿಕ ಜಿಲ್ಲೆಯಲ್ಲಿ ಕಡಿದಾದ ಮೆಟ್ಟಿಲುಗಳ ಒಂದು ಕೋಟೆಗೂ ಇದೇ ಹೆಸರು. ನಮ್ಮ ಊರಿಗೆ ಹೆಸರು ಬಂದುದು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ಗುಡಿ ಕಟ್ಟಿಸಿದ ಹರಿಹರೇಶ್ವರನಿಂದ. ಅಲ್ಲಿಯ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ. ಹರಿ ಹರ ಇಬ್ಬರೂ ಒಂದೆಯೆ ಎರಡೆ ಎಂದು ಯಂತ್ರ ಕೇಳಿದರೆ ಏನು ಹೇಳಬೇಕೆಂಬುದನ್ನು ನಾವು ಪಂಡಿತರಿಗೇ ಬಿಡುತ್ತೇವೆ. ಅದಿರಲಿ, ಬೆಂಗಳೂರಿನ ಉಪಾಹಾರಗೃಹಗಳ ಹಲಗೆಗಳ ಮೇಲೆ "ದಾವಣಗೆರೆ ಬೆಣ್ಣೆದೋಸೆ" ಎಂಬ ಬರಹವನ್ನು ವಾಚಕರು ಕಂಡಿರುವರಷ್ಟೆ. ಅಲ್ಲಿ ದಾವಣಗೆರೆ ಎಂಬುದು ಊರಲ್ಲ, ದೋಸೆಯ ಜಾತಿ. ಇದನ್ನು ಅರಿಯದ ಯಂತ್ರವು ಆ ದೋಸೆಯನ್ನು 260 ಕಿಲೋಮೀಟರು ದೂರದಿಂದ ತರಿಸಬೇಕೆಂದು ಸಾಗಣೆಯ ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ.

ಹೆಸರುಗಳ ಈ ಗೋಜು ಸರ್ಕಾರದ ಪಟ್ಟಿಗಳನ್ನೂ ಬಿಟ್ಟಿಲ್ಲ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಪ್ರಕಟವಾದ ವಿನಾಯಿತಿಯ ಪಟ್ಟಿಯಲ್ಲಿ ನಮ್ಮ ಮಂಡಕ್ಕಿಯೂ ಸೇರಿತ್ತು. 1904 ಎಂಬ ಅಂಕಿಯ ಕೆಳಗೆ ಉಬ್ಬಿದ ಅಕ್ಕಿ, ಅದಕ್ಕೆ ರೂಢಿಯ ಹೆಸರು "ಮುರಿ", ಅವಲಕ್ಕಿಗೆ "ಚಿರಾ", ಅರಳಿಗೆ "ಖೋಯಿ". ಇವೆಲ್ಲ ಬಂಗಾಳದ ಕಡೆಯ ಮಾತುಗಳು. ಕನ್ನಡಿಗನಿಗೆ ಮುರಿ ಎಂದರೆ ತುಂಡುಮಾಡೆಂದು ಅರ್ಥ. ಚುರುಮುರಿಯ ಬಾಲದಲ್ಲಿ ಮಾತ್ರ ಆ ಹೆಸರಿನ ದನಿ ಕೇಳುತ್ತದೆಂಬುದು ನಿಜ. ಮಂಡಕ್ಕಿ ಭಟ್ಟಿಯವರು ತಮ್ಮ ಸರಕು ಈ ಪಟ್ಟಿಯಲ್ಲಿದೆಯೆ ಎಂದು ತಮ್ಮ ಮಾತಿನಲ್ಲಿ ಹುಡುಕಿದರೆ ಇಲ್ಲವೆಂದೇ ಕಾಣುವುದು. ಆದರೆ ಆ ಪಟ್ಟಿಯನ್ನು ಮಾಡಿದವರು ಒಂದು ಸರಿಯಾದ ಕೆಲಸವನ್ನೂ ಮಾಡಿದ್ದಾರೆ: ಹೆಸರಿನ ಹಿಂದೆ ಒಂದು ಅಂಕಿಯನ್ನಿಟ್ಟಿದ್ದಾರೆ. 1988ರಿಂದ ಜಗತ್ತಿನ ಸುಂಕದ ಕಟ್ಟೆಗಳಲ್ಲಿ ನಡೆಯುತ್ತಿರುವ ಏಕರೂಪದ ಅಂಕಿಗಳವು. ಮೆಕ್ಕೆಜೋಳಕ್ಕೆ 1005, ಬಿಳಿಜೋಳಕ್ಕೆ 1007. ಹೆಸರು ಹೊಳೆ ದಾಟಿ ಬದಲಾದರೂ ಅಂಕಿ ಬದಲಾಗುವುದಿಲ್ಲ.

ಜಾಲಸೇವೆಗಳನ್ನು ಹುಡುಕುವ ಮೊದಲ ಯತ್ನವು ಹೆಸರುಗಳನ್ನೇ ನೆಚ್ಚಿಕೊಂಡಿತ್ತು. 2000ದಲ್ಲಿ ಐಬಿಎಂ, ಮೈಕ್ರೋಸಾಫ್ಟ್, ಅರಿಬಾ ಎಂಬ ಮೂರು ಸಂಸ್ಥೆಗಳು ಸೇರಿ ಯುಡಿಡಿಐ ಎಂಬ ಒಂದು ದಾಖಲೆಯನ್ನು ಯೋಜಿಸಿದುವು. ಲೋಕದ ಸೇವೆಗಳೆಲ್ಲವೂ ಅದರಲ್ಲಿ ತಮ್ಮ ವಿಳಾಸ ಬರೆಸಬೇಕು, ಬೇಕಾದವರು ಅದರಲ್ಲಿ ನೋಡಿಕೊಳ್ಳಬೇಕು ಎಂಬುದು ಉದ್ದೇಶ. ಆದರೆ ಬರೆಸಿದವನು "ಬೆಲೆ" ಎಂದು ಬರೆಸಿ ಹುಡುಕುವವನು "ಧಾರಣೆ" ಎಂದು ಹುಡುಕಿದರೆ ಅವರಿಬ್ಬರ ಭೇಟಿ ಆಗುವ ಬಗೆ ಅಲ್ಲಿರಲಿಲ್ಲ. ಆ ಸಾರ್ವಜನಿಕ ದಾಖಲೆಯನ್ನು 2006ರ ಜನವರಿಯಲ್ಲಿ ಮುಚ್ಚಿಬಿಟ್ಟರು. ಮುಚ್ಚಲು ಬೇರೆ ಕಾರಣಗಳೂ ಇದ್ದುವು. ಆದರೂ ಬರಿಯ ಹೆಸರುಪಟ್ಟಿಯಿಂದ ಸಂಬಂಧ ಕುದುರದೆಂಬುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು.

ಸಂಬಂಧವೆಂದಾಗ ನಮ್ಮ ಮನೆಗಳ ರೂಢಿಯೇ ನೆನಪಾಗುತ್ತದೆ. ಹೆಣ್ಣು ಗಂಡುಗಳ ಹೆಸರು ಹೊಂದುವುದೆ ಎಂದಷ್ಟೇ ನೋಡಿ ಯಾವ ಹಿರಿಯರೂ ಮದುವೆ ನಿಶ್ಚಯಿಸುವುದಿಲ್ಲ. ಮನೆತನವೇನು, ಯಾರಿಗೆ ಯಾರು ಏನಾಗಬೇಕು, ಇವರು ಕೊಡತಕ್ಕುದೇನು, ಅವರು ಬಯಸತಕ್ಕುದೇನು ಎಂದು ವಿಚಾರಿಸುವರು. ಯಂತ್ರಗಳಿಗೂ ಇಂಥದೊಂದು ವಂಶಾವಳಿಯನ್ನು ಬರೆದುಕೊಡಬೇಕೆಂಬುದು ಶಾಸ್ತ್ರಜ್ಞರ ಸೂಚನೆ. ಅದಕ್ಕೆ ಅವರು ಆಂಟಾಲಜಿ ಎಂಬ ಹೆಸರನ್ನು ತತ್ತ್ವಶಾಸ್ತ್ರದಿಂದ ಎರವಲು ತಂದಿದ್ದಾರೆ. ನಾವು ಅರ್ಥವಂಶಾವಳಿ ಎನ್ನೋಣ. ಒಂದು ವ್ಯವಹಾರದಲ್ಲಿ ಯಾವ ಯಾವ ವಸ್ತುಗಳುಂಟು, ಅವುಗಳಿಗೆ ತಮ್ಮೊಳಗೆ ಏನು ನಂಟು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದಿಡುವುದೇ ಅದು ಎಂದು ಟಾಮ್ ಗ್ರೂಬರ್ ಎಂಬವರು 1993ರಲ್ಲಿ ಹೇಳಿದ ಲಕ್ಷಣದ ತಾತ್ಪರ್ಯ. ಮೆಕ್ಕೆಜೋಳ, ಗೋವಿನಜೋಳ, ಮುಸುಕಿನ ಜೋಳ ಇವು ಮೂರೂ 1753ರಲ್ಲಿ ಲಿನೇಯಸನು ಜೀಯ ಮೇಸ್ ಎಂದು ಹೆಸರಿಟ್ಟ ಒಂದೇ ಸಸ್ಯ. ಅದೊಂದು ಏಕದಳ ಧಾನ್ಯ. ಬಿಳಿಜೋಳವೂ ಏಕದಳ ಧಾನ್ಯವೇ, ಆದರೆ ಮೆಕ್ಕೆಜೋಳವಲ್ಲ. ಧಾರಣೆಯೆಂದರೆ ಇಂಥ ದಿನ ಇಂಥ ಮಾರುಕಟ್ಟೆಯಲ್ಲಿ ಒಂದು ತೂಕಕ್ಕೆ ಸಲ್ಲುವ ಹಣ. ಇಷ್ಟು ಬರೆದಿಟ್ಟರೆ ಯಂತ್ರವು ಬರೆಯದೆ ಬಿಟ್ಟುದನ್ನೂ ತಾನೇ ತರ್ಕಿಸಿಕೊಳ್ಳಬಲ್ಲುದು.

ಜಾಲವನ್ನು ಮೊದಲು ನಿರ್ಮಿಸಿದ ಟಿಮ್ ಬರ್ನರ್ಸ್-ಲೀ ಅವರು 2001ರಲ್ಲಿ ಇಬ್ಬರು ಸಂಗಡಿಗರೊಡನೆ ಈ ವಿಚಾರವನ್ನು ಸಾಮಾನ್ಯ ಓದುಗರ ಮುಂದಿಟ್ಟರು. ಅರ್ಥವಂಶಾವಳಿಯನ್ನು ಬರೆಯತಕ್ಕ ಔಲ್ ಎಂಬ ಭಾಷೆಗೆ 2004ರಲ್ಲಿ ಜಾಲದ ಒಕ್ಕೂಟದ ಮುದ್ರೆ ಬಿತ್ತು. ಅದೇ ವರ್ಷ ಸೇವೆಗಳ ವಿವರಣೆಗಾಗಿ ಔಲ್-ಎಸ್ ಎಂಬ ರೀತಿಯನ್ನೂ ಒಕ್ಕೂಟಕ್ಕೆ ಒಪ್ಪಿಸಿದರು. ಅದರ ಪ್ರಕಾರ ಒಂದು ಸೇವೆಯು ತನ್ನ ವಿಷಯವಾಗಿ ನಾಲ್ಕು ಸಂಗತಿಗಳನ್ನು ಹೇಳಿಕೊಳ್ಳಬೇಕು: ತನಗೆ ಏನು ಕೊಡಬೇಕು, ತಾನು ಏನು ಕೊಡುವೆನು, ಮೊದಲು ಏನು ನೆರವೇರಿರಬೇಕು, ಕೊನೆಗೆ ಲೋಕದಲ್ಲಿ ಏನು ಬದಲಾಗುವುದು. ಟಿಕೆಟ್ಟಿನ ಸೇವೆಗೆ ಊರೂ ದಿನವೂ ಕೊಡತಕ್ಕುದು, ಟಿಕೆಟ್ಟು ಬರತಕ್ಕುದು, ಖಾತೆಯಲ್ಲಿ ಹಣವಿರಬೇಕೆಂಬುದು ನಿಬಂಧನೆ, ಹಣ ಕಡಿಮೆಯಾಗಿ ಸ್ಥಳ ನಮ್ಮದಾಗುವುದು ಪರಿಣಾಮ.

ಇನ್ನು ಹೊಂದಿಸುವ ಬಗೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಕಟಿಯಾ ಸೈಕಾರಾ ಮತ್ತು ಸಂಗಡಿಗರು 2002ರಲ್ಲಿ ಹೊಂದಿಕೆಯನ್ನು ನಾಲ್ಕು ತರವಾಗಿ ವಿಂಗಡಿಸಿದರು. ಇದನ್ನು ನಮ್ಮ ಮಾರುಕಟ್ಟೆಯ ಮಾತಿನಲ್ಲಿಯೇ ಹೇಳೋಣ. ನಾವು ಕೇಳಿದುದು ಮೆಕ್ಕೆಜೋಳದ ಧಾರಣೆ, ಸೇವೆಯು ಕೊಡುವುದು ಗೋವಿನಜೋಳದ ಧಾರಣೆ: ಹೆಸರು ಬೇರೆಯಾದರೂ ಇದು ಪೂರ್ಣವಾದ ಹೊಂದಿಕೆ. ಕೇಳಿದುದು ಮೆಕ್ಕೆಜೋಳ, ಸೇವೆಯು ಕೊಡುವುದು ಧಾನ್ಯಗಳೆಲ್ಲದರ ಧಾರಣೆ: ಅದರಲ್ಲಿ ನಮ್ಮದೂ ಇರುವುದೆಂದು ನಂಬಿ ತೆಗೆದುಕೊಳ್ಳಬಹುದು. ಕೇಳಿದುದು ಧಾನ್ಯಗಳೆಲ್ಲದರ ಧಾರಣೆ, ಕೊಡುವುದು ಮೆಕ್ಕೆಜೋಳದ್ದು ಮಾತ್ರ: ಅರೆಹೊಂದಿಕೆ, ಬೇರೆ ಏನೂ ದೊರೆಯದಿದ್ದರೆ ಇದೇ ಸಾಕು. ಕೇಳಿದುದು ಧಾನ್ಯದ ಬೆಲೆ, ಕೊಡುವುದು ಸಿಮೆಂಟಿನ ಬೆಲೆ: ನಂಟೇ ಇಲ್ಲ. ಮೂರನೆಯ ತರವನ್ನು ಮೊದಲನೆಯದೆಂದು ತಿಳಿದರೆ ಮೋಸಹೋಗುವೆವು. ಎರಡನೆಯದನ್ನು ನಾಲ್ಕನೆಯದೆಂದು ತಳ್ಳಿಬಿಟ್ಟರೆ ಬಂದ ಭಾಗ್ಯವನ್ನು ಒದ್ದಂತೆ. ಹೊಂದಿತು, ಹೊಂದಲಿಲ್ಲ ಎಂಬ ಎರಡೇ ಮಾತನ್ನು ಬಲ್ಲ ಯಂತ್ರಕ್ಕಿಂತ ಎಷ್ಟರಮಟ್ಟಿಗೆ ಹೊಂದಿತೆಂದು ಹೇಳಬಲ್ಲ ಯಂತ್ರವೇ ಮೇಲೆಂಬುದು ನಮ್ಮ ಅಭಿಪ್ರಾಯ.

ಸೇವೆಗಳ ಆಕಾರದಲ್ಲಿಯೂ ಭೇದವುಂಟು. ಕೆಲವು ಸೇವೆಗಳು ಸೋಪ್ ಎಂಬ ಕ್ರಮದಂತೆ ಪ್ರಶ್ನೆಯನ್ನು ಲಕೋಟೆಯಲ್ಲಿಟ್ಟು ಮೇಲೆ ವಿಳಾಸ ಬರೆದೇ ಕಳುಹಿಸಬೇಕೆನ್ನುವುವು. ಮತ್ತೆ ಕೆಲವು ರೆಸ್ಟ್ ಎಂಬ ಸರಳ ಕ್ರಮವನ್ನನುಸರಿಸಿ ಬರಿಯ ಚೀಟಿಯಿಂದಲೇ ತೃಪ್ತಿಪಡುವುವು. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ, ಲೇತುಗಳಿಗೆ ಹೆಸರಾಗಿ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಇದು ಬೇಗ ತಿಳಿದೀತು: ಬೋಲ್ಟಿಗೆ ನಟ್ಟು ಕೂಡಬೇಕಾದರೆ ಇಬ್ಬರೂ ಒಂದೇ ಅಳತೆಯನ್ನು ಒಪ್ಪಿರಬೇಕು. ಆದರೆ ಬೋಲ್ಟು ಕೂಡಿದ ಮಾತ್ರಕ್ಕೆ ಯಂತ್ರ ಏನನ್ನು ಕಡೆಯುತ್ತದೆಂದು ಗೊತ್ತಾಗದು. ಲಕೋಟೆಗೂ ಚೀಟಿಗೂ ನಡುವಣ ಭೇದವನ್ನು ಬಡಗಿ ಕಮ್ಮಾರರ ಚಾತುರ್ಯದಿಂದ ಸರಿಪಡಿಸಬಹುದು. ಒಳಗಿನ ಮಾತಿನ ಅರ್ಥಕ್ಕೆ ಮಾತ್ರ ವಂಶಾವಳಿಯೇ ಬೇಕು. 2007ರಲ್ಲಿ ಜಾಲದ ಒಕ್ಕೂಟವು ಒಪ್ಪಿದ ಇನ್ನೊಂದು ಕ್ರಮವು ಸೇವೆಯ ಹಳೆಯ ವಿವರಣೆಯನ್ನು ಹಾಗೆಯೇ ಉಳಿಸಿಕೊಂಡು, ಒಂದೊಂದು ಮಾತಿನ ಬದಿಯಲ್ಲಿ ವಂಶಾವಳಿಯ ಗುರುತನ್ನು ಬರೆಯಲು ಅವಕಾಶ ಕೊಟ್ಟಿತು. ಹಳೆಯ ಮನೆಯನ್ನು ಕೆಡವದೆ ಬಾಗಿಲಿಗೆ ಹೆಸರುಹಲಗೆ ಹಾಕಿದಂತೆ.

ಇದೆಲ್ಲವೂ ವಿದ್ವಾಂಸರು ಬಯಸಿದಷ್ಟು ವ್ಯವಹಾರಕ್ಕೆ ಬರಲಿಲ್ಲವೆಂಬುದನ್ನು ಮರೆಮಾಚಬಾರದು. ವಂಶಾವಳಿ ಬರೆಯುವುದು ಬಹಳ ಶ್ರಮದ ಕೆಲಸ; ಬರೆದವರೊಳಗೇ ಒಮ್ಮತವಿರುವುದಿಲ್ಲ. ಟೊಮೆಟೊ ಹಣ್ಣೋ ತರಕಾರಿಯೋ ಎಂಬ ವ್ಯಾಜ್ಯ 1893ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಸುಂಕದ ಮಟ್ಟಿಗೆ ಅದು ತರಕಾರಿಯೆಂದು ತೀರ್ಪಾಯಿತು. ನಮ್ಮಲ್ಲಿ ಅದನ್ನು ಟೊಮೆಟೊ ಹಣ್ಣೆಂದೇ ಕರೆದು ಸಾರಿಗೆ ಹಾಕುತ್ತೇವೆ. ಬರೆದಿಟ್ಟುದು ಹಳತಾಗುವುದೂ ಉಂಟು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ಅದರೊಳಗೆ ಬಂತು. 2018ರಲ್ಲಿ ಮರಳಿ ಬಳ್ಳಾರಿಗೆ ಸೇರಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಹೋಯಿತು. ಊರು ಕದಲಲಿಲ್ಲ, ಆದರೆ ಮೂರು ಕಾಲದ ಮೂರು ಸೇವೆಗಳನ್ನು ಕೇಳಿದರೆ ಮೂರು ಜಿಲ್ಲೆಗಳ ಹೆಸರು ಬರುವುದು. ವರ್ಷವನ್ನೂ ಸೇರಿಸಿ ಬರೆದ ವಂಶಾವಳಿಯೊಂದೇ ಇಲ್ಲಿ ನ್ಯಾಯ ಹೇಳಬಲ್ಲುದು.

ಆದರೂ ಅದೇ ವಿಚಾರವು ಚಿಕ್ಕ ಚಿಕ್ಕ ವೇಷಗಳಲ್ಲಿ ನಮ್ಮ ಊರುಗಳಿಗೆ ಬಂದಿದೆ. ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಯು 2014ರಲ್ಲಿಯೂ ಕೇಂದ್ರ ಸರ್ಕಾರದ ಇ-ನಾಮ್ 2016ರ ಏಪ್ರಿಲ್ 14ರಂದೂ ಆರಂಭವಾದುವು. ಎರಡೂ ರೈತರ ಸರಕಿಗೆ ಯಂತ್ರದ ಮೂಲಕ ಬೆಲೆ ಕೂಗುವ ಸೇವೆಗಳೇ. ಆದರೆ ಬೇರೆ ಬೇರೆಯಾಗಿ ಬೆಳೆದವು. ಒಂದರ ವರ್ತಕರು ಇನ್ನೊಂದರಲ್ಲಿಯೂ ವ್ಯಾಪಾರ ಮಾಡಬಹುದಾದ ಜೋಡಣೆಯನ್ನು 2020ರ ಮೇ 1ರಂದು ಪ್ರಕಟಿಸಿದರು. ಇಂಥ ಜೋಡಣೆಯಲ್ಲಿ ಹಣ, ತೂಕ ಇವೆಲ್ಲವೂ ಸರಿಹೊಂದಬೇಕಾದಂತೆ ಒಬ್ಬರ ಸರಕಿನ ಹೆಸರೂ ಇನ್ನೊಬ್ಬರ ಸರಕಿನ ಹೆಸರಿಗೆ ಹೊಂದಬೇಕೆಂದು ಬೇರೆ ಹೇಳಬೇಕಾಗಿಲ್ಲ. 2022ರ ಏಪ್ರಿಲಿನಲ್ಲಿ ಬೆಂಗಳೂರೂ ಸೇರಿ ಐದು ಊರುಗಳಲ್ಲಿ ಪ್ರಯೋಗಕ್ಕಿಳಿದ ಓಎನ್‌ಡಿಸಿ ಎಂಬ ಮುಕ್ತ ವಾಣಿಜ್ಯ ಜಾಲದಲ್ಲಿ ಕೊಳ್ಳುವವನ ಪ್ರಶ್ನೆಯು ಒಂದು ಹೆಬ್ಬಾಗಿಲಿಗೆ ಬಂದು, ಅಲ್ಲಿಂದ ಮಾರುವವರ ಯಂತ್ರಗಳಿಗೆಲ್ಲ ಡಂಗುರವಾಗಿ, ಉತ್ತರಗಳು ಮರಳಿ ಬರುವುವು. ಸಣ್ಣ ಅಂಗಡಿಯೂ ದೊಡ್ಡ ಅಂಗಡಿಯೊಡನೆ ಒಂದೇ ಡಂಗುರವನ್ನು ಕೇಳಬಹುದೆಂಬುದು ಅದರ ಗುಣ. ಆದರೆ ಡಂಗುರದ ಮಾತು ತನ್ನ ಸರಕಿನದೇ ಎಂದು ಅಂಗಡಿಯ ಯಂತ್ರಕ್ಕೆ ತಿಳಿಯದಿದ್ದರೆ ಅದು ಉತ್ತರ ಕೊಡದು. ಉತ್ತರ ಕೊಡದವನು ಕೊಳ್ಳುವವನ ಪಾಲಿಗೆ ಇಲ್ಲದವನೇ.

ಮಂಡಕ್ಕಿಯ ವಿಷಯದಲ್ಲಿ ತಪ್ಪಿದರೆ ವ್ಯಾಪಾರ ತಪ್ಪೀತು. ಔಷಧದ ವಿಷಯ ಹಾಗಲ್ಲ. ನಮ್ಮ ಮನೆಗಳಲ್ಲಿ ಜ್ವರಕ್ಕೂ ಮೈನೋವಿಗೂ ಕೊಡುವ ಪ್ಯಾರಾಸಿಟಮಾಲ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅಸಿಟಮಿನೋಫೆನ್ ಎಂದು ಹೆಸರು. ಇನ್ನು ಕಂಪೆನಿಗಳು ಇಟ್ಟ ವ್ಯಾಪಾರದ ಹೆಸರುಗಳಿಗೆ ಲೆಕ್ಕವೇ ಇಲ್ಲ. ವೃದ್ಧೆಯಾದ ತಾಯಿಗೆ ದಾವಣಗೆರೆಯ ವೈದ್ಯರು ಒಂದು ಹೆಸರಿನಿಂದ ಬರೆದುಕೊಟ್ಟಿರುವರು. ಹೊರದೇಶದ ಮಗನು ತಂದಿಟ್ಟ ಸೀಸೆಯ ಮೇಲೆ ಇನ್ನೊಂದು ಹೆಸರಿರುವುದು. ಎರಡೂ ಒಂದೇ ಎಂದರಿಯದೆ ಎರಡನ್ನೂ ನುಂಗಿದರೆ ಪ್ರಮಾಣ ಮೀರಿ ಯಕೃತ್ತಿಗೆ ಕೇಡು. ಆಸ್ಪತ್ರೆಯ ಯಂತ್ರವೂ ಔಷಧದಂಗಡಿಯ ಯಂತ್ರವೂ ಪರಸ್ಪರ ವಿಚಾರಿಸಿಕೊಳ್ಳುವ ಈ ಕಾಲದಲ್ಲಿ ಅವು ಹೆಸರನ್ನು ನೋಡಿ "ಇದು ಹೊಸದು, ಕೊಡಬಹುದು" ಎಂದರೆ ಏನು ಗತಿ? ಇದಕ್ಕಾಗಿಯೇ ಸ್ನೋಮೆಡ್ ಸಿಟಿ ಎಂಬ ವೈದ್ಯಕೀಯ ವಂಶಾವಳಿ ಇದೆ. ಅದರಲ್ಲಿ ಮೂರೂವರೆ ಲಕ್ಷಕ್ಕೂ ಮೇಲ್ಪಟ್ಟು ಅರ್ಥಗಳಿಗೆ ಒಂದೊಂದು ಅಂಕಿಯುಂಟು. ಭಾರತವು 2014ರಲ್ಲಿ ಅದರ ಸದಸ್ಯವಾಯಿತು. ಪ್ಯಾರಾಸಿಟಮಾಲಿಗೂ ಅಸಿಟಮಿನೋಫೆನಿಗೂ ಅಲ್ಲಿ ಅಂಕಿ ಒಂದೇ.

ಈಚೆಗೆ ಬಂದಿರುವ ಭಾಷಾಯಂತ್ರಗಳು ಇಂಥ ಹೆಸರುಗಳ ನಂಟನ್ನು ತಾವೇ ಊಹಿಸಬಲ್ಲವೆಂದೂ, ವಂಶಾವಳಿಯ ಕಾಲ ಮುಗಿಯಿತೆಂದೂ ಕೆಲವರು ಹೇಳುವರು. ಊಹೆ ಬಹುಮಟ್ಟಿಗೆ ಸರಿಯಾಗಿಯೂ ಇರುತ್ತದೆ. ಆದರೆ ಆ ಊಹೆ ಹುಟ್ಟುವುದು ಬರೆದಿಟ್ಟ ಬರಹಗಳಿಂದ. ಯಾವ ಮಾತನ್ನು ಜನರು ಕಡಿಮೆ ಬರೆದಿರುವರೋ ಅಲ್ಲಿ ಊಹೆಯೂ ದುರ್ಬಲ. ಗೋವಿನಜೋಳವೆಂಬ ಮಾತು ಸಂತೆಯಲ್ಲಿ ಕೇಳಿದಷ್ಟು ಬರಹದಲ್ಲಿ ಕಾಣದು. ಹಣದ ವಿಷಯದಲ್ಲಿಯೂ ಔಷಧದ ವಿಷಯದಲ್ಲಿಯೂ "ಬಹುಶಃ" ಎಂಬ ಉತ್ತರವನ್ನು ನಾವು ಅಂಗಡಿಯವರಿಂದ ಒಪ್ಪುವುದಿಲ್ಲ. ಯಂತ್ರದಿಂದ ಏಕೆ ಒಪ್ಪಬೇಕು?

ಆದುದರಿಂದ ಕನ್ನಡದ ಹೆಸರುಗಳನ್ನು ಸೀಮೆ ಸೀಮೆಯಾಗಿ ಕೂಡಿಸಿ ಇಂಥ ವಂಶಾವಳಿಗಳಿಗೆ ಸೇರಿಸುವ ಕೆಲಸವನ್ನು ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳೂ ಭಾಷಾ ವಿದ್ವಾಂಸರೂ ಒಟ್ಟಾಗಿ ಕೈಗೊಳ್ಳುವುದು ಉಚಿತ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು 1980ರ ದಶಕದಿಂದ ಬೆಳೆಸುತ್ತ ಬಂದಿರುವ ಅಗ್ರೋವೋಕ್ ಎಂಬ ಬಹುಭಾಷಾ ಕೃಷಿಪ್ರಪಂಚ ಇದಕ್ಕೆ ಒಳ್ಳೆಯ ಮಾದರಿ. ಅಲ್ಲಿ ಅರ್ಥಕ್ಕೆ ಒಂದು ಗುರುತು, ಆ ಗುರುತಿನ ಕೆಳಗೆ ಭಾಷೆಗೊಂದು ಹೆಸರು. ಅದಾಗುವವರೆಗೆ, ಚಟ್ನಿಪುಡಿ, ಖಡಕ್ ರೊಟ್ಟಿ, ಮಂಡಕ್ಕಿಗಳನ್ನು ಜಾಲದಲ್ಲಿ ಮಾರುವ ಸ್ವಸಹಾಯ ಸಂಘದ ಸೋದರಿಯರು ಇಷ್ಟನ್ನು ತಾವೇ ಮಾಡಬಹುದು. ಸರಕಿನ ವಿವರಣೆಯಲ್ಲಿ ಮಂಡಕ್ಕಿ, ಚುರುಮುರಿ, ಪುರಿ, ಮುರಿ ಎಂಬ ನಾಲ್ಕು ಹೆಸರುಗಳನ್ನೂ ಬರೆಯಿರಿ. ಉಬ್ಬಿಸಿದ ಅಕ್ಕಿಯೆಂದೂ ಬಿಡಿಸಿ ಹೇಳಿರಿ. ಸುಂಕದ ಅಂಕಿಯನ್ನು ಸೇರಿಸಿರಿ. ಊರಿನ ಹೆಸರಿನೊಡನೆ ತಾಲ್ಲೂಕನ್ನೂ ಜಿಲ್ಲೆಯನ್ನೂ ಬರೆಯಿರಿ. ಆಂಗ್ಲ ಲಿಪಿಯಲ್ಲಿ ದಾವಣಗೆರೆಗೆ ಎರಡು ಬಗೆಯ ಕಾಗುಣಿತ ರೂಢಿಯಲ್ಲಿರುವುದರಿಂದ ಎರಡನ್ನೂ ಕೊಡಿರಿ. ಸೇರು ಪಾವುಗಳಲ್ಲಿ ಅಳೆದು ಕೊಡುವ ಪದ್ಧತಿ ಅಂಗಡಿಯ ಮುಂದೆ ನಡೆಯಲಿ. ಯಂತ್ರದ ಮುಂದೆ ಗ್ರಾಮಿನ ತೂಕವನ್ನೇ ಹೇಳಿರಿ, ಏಕೆಂದರೆ ಹೊಳೆಯ ಈಚೆಯ ಸೇರಿಗೂ ಆಚೆಯ ಸೇರಿಗೂ ಇದ್ದ ಭೇದದ ಮಾತು ಹೆಸರುಗಳ ಮಾತಿಗಿಂತ ಉದ್ದವಾದುದು, ಅದನ್ನು ಇನ್ನೊಂದು ತಿಂಗಳಿಗೆ ಇಟ್ಟುಕೊಂಡಿದ್ದೇವೆ.